ಆರೂಕಾಲಿನ ಕೆಂಪು ಚುಕ್ಕೆಗಳು

ಸಿಟಿ ಬಸ್ಸಿನ ಕಂಡಕ್ಟರುಗಳೆಲ್ಲ ಸೇರಿ ಅವನಿಗೆ ಹದ್ದು ಎಂದು ಹೆಸರಿಟ್ಟಿದ್ದರು. ಎದುರಿಗೆ ಸಿಕ್ಕರೆ ಸರ್, ಬೆನ್ನು ತಿರುಗಿಸಿದರೆ ಹದ್ದು. ಟಿಕೆಟ್ ತಪಾಸಣೆಯ ಕೆಲಸಕ್ಕೆ ಸೇರಿ ಅವನಿಗೆ ಹನ್ನೊಂದು ವರ್ಷವಾಗಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗಿನ ಮುಖಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಟಿಕೆಟ್ ಇಲ್ಲದವರು ಯಾರೆಂದು ತಿಳಿದುಬಿಡುತ್ತಿತ್ತು. ಟಿಕೆಟ್ ಇದ್ದವರು ಅವನತ್ತ ನೋಡಿ ಮತ್ತೆ ತಮ್ಮ ಪಾಡಿಗೆ ತಾವಿರುತ್ತಾರೆ. ಇಲ್ಲದವರಿಗೆ ಮಾತ್ರ ಥಟ್ಟನೆ ಕಿಟಕಿಯಾಚೆ ಎಂಥದೋ ಅಪರೂಪದ ನೋಟ ಕಂಡುಬಿಡುತ್ತದೆ. ಆ ಕಡೆ ತಿರುಗಿದ ಕತ್ತು ಈ ಕಡೆ ಬರುವುದೇ ಇಲ್ಲ.

ಹಾಗಾಗಿ, ಮನೆಗೆ ಬರುತ್ತಿದ್ದ ಥೆರಪಿ ಮೇಡಂ ಅವನು ಕೇಳಿದ ಒಂದು ಸರಳ ಪ್ರಶ್ನೆಗೆ ಉತ್ತರ ಕೊಡದೆ ಕಿಟಕಿಯಾಚೆ ನೋಡಿದಾಗ ಅವನ ಎದೆಯೊಳಗೆ ಏನೋ ಚುಳ್ಳೆಂದಿತು.

ಅವನು ಕೇಳಿದ್ದು ಇಷ್ಟೇ: "ಏನ್ ಮೇಡಂ, ಎರಡು ತಿಂಗಳಾಯ್ತಲ್ಲ, ನಮ್ಮ ಮಗು ಹೇಗಿದಾಳೆ? ಸಂಜೆ ಹೊತ್ತು ರಂಪ ಜಾಸ್ತಿನೇ ಆಗಿದೆಯಲ್ಲ?"

ಮೇಡಂ ಕಿಟಕಿಯತ್ತ ನೋಡಿದಳು. ಆಮೇಲೆ ಅವನ ಹೆಂಡತಿಯತ್ತ ನೋಡಿದಳು. ಹೆಂಡತಿ ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದಳು.

"ನಿಧಾನಕ್ಕೆ ಆಗುತ್ತೆ ಸರ್," ಎಂದು ಮೇಡಂ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದಳು.

ಮಗುವಿಗೆ ಈಗ ನಾಲ್ಕು ವರ್ಷ. ಹುಟ್ಟಿದಾಗ ಗಾಜಿನ ಗೋಲಿಯಂಥ ಕಣ್ಣು ನೋಡಿ ಅವನೇ ಗೋಲಿ ಎಂದು ಕರೆದಿದ್ದ. ಅದೇ ಉಳಿದುಕೊಂಡಿತ್ತು. ಗೋಲಿ ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು. ಆಟಿಸಂ ಎಂದು ಡಾಕ್ಟರು ಹೇಳಿದ ದಿನ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ ಮನೆಗೆ ಬಂದಿದ್ದರು. ಆಮೇಲೆ ಹೆಂಡತಿಯೇ ಅಲ್ಲಿ ಇಲ್ಲಿ ವಿಚಾರಿಸಿ ಈ ಮೇಡಮ್ಮನ್ನು ಹುಡುಕಿದ್ದಳು. ಸೆನ್ಸರಿ ಥೆರಪಿ ಅಂತೆ. ಗೋಲಿಯ ಮೈಗೆ ಸದ್ದು, ಬೆಳಕು, ಮುಟ್ಟುವುದು ಎಲ್ಲವೂ ನಮಗೆ ತಲುಪುವ ಅಳತೆಯಲ್ಲಿ ತಲುಪುವುದಿಲ್ಲವಂತೆ, ಕೆಲವು ಹತ್ತುಪಟ್ಟು ಹೆಚ್ಚು, ಕೆಲವು ಏನೇನೂ ಇಲ್ಲ. ಅದನ್ನು ಆಟದ ಮೂಲಕವೇ ಹದಕ್ಕೆ ತರಬೇಕಂತೆ. ವಾರಕ್ಕೆ ಮೂರು ದಿನ, ನಾಲ್ಕರಿಂದ ಐದು ಗಂಟೆ, ಮನೆಯಲ್ಲೇ.

ಅವನು ಆಗಲಿ ಎಂದಿದ್ದ. ಆದರೆ ಮನೆ ದಿನದಿಂದ ದಿನಕ್ಕೆ ಬೇರೆಯಾಗುತ್ತಾ ಬಂತು. ಒಂದು ದಿನ ಡ್ಯೂಟಿ ಮುಗಿಸಿ ಬಂದರೆ ಟ್ಯೂಬ್‌ಲೈಟು ಇದ್ದ ಜಾಗದಲ್ಲಿ ಮಂಕು ಹಳದಿ ಬಲ್ಬು. ಇನ್ನೊಂದು ದಿನ ಮಲಗುವ ಕೋಣೆಯ ಸೂರಿಗೆ ಕೊಕ್ಕೆ, ಅದರಿಂದ ಇಳಿಬಿಟ್ಟ ಬಟ್ಟೆಯ ಜೋಲಿ. ಮಂಚದ ಕೆಳಗೆ ಪ್ಲಾಸ್ಟಿಕ್ ಟಬ್ಬಿನ ತುಂಬ ಒಣ ಬಟಾಣಿ, ಅದರೊಳಗೆ ಹುದುಗಿಸಿಟ್ಟ ಮರದ ಆನೆ, ಮರದ ಮೊಸಳೆ. ಬೆಳಿಗ್ಗೆ ಎದ್ದು ಕಾಲಿಟ್ಟರೆ ಅಂಗಾಲಿಗೆ ಬಟಾಣಿ.

"ಮನೆಯೋ ಕಿರಾಣಿ ಅಂಗಡಿಯೋ?" ಎಂದರೆ ಹೆಂಡತಿ ನಗುತ್ತಿದ್ದಳು. ಮೊದಲಿಗೆ. ಇತ್ತೀಚೆಗೆ ಅವಳು ನಗುತ್ತಿರಲಿಲ್ಲ. ಅವನು ಬಾಗಿಲು ತೆರೆದು ಒಳಗೆ ಬಂದರೆ ಅವಳು ಬಟ್ಟೆಯ ಬೀರುವಿನ ಬಾಗಿಲು ದಡಕ್ಕನೆ ಮುಚ್ಚುವುದನ್ನು ಎರಡು ಸಲ ಕಂಡಿದ್ದ.

ಗೋಲಿಯ ಮುಂಗೈ ಮೇಲೆ ಗುಲಾಬಿ ಬಣ್ಣದ ಗೀರುಗಳು ಕಂಡಾಗ ಅವನ ಅನುಮಾನಕ್ಕೆ ರೆಕ್ಕೆ ಮೂಡಿತು.

"ಏನಿದು?"

"ಬ್ರಷ್ಷು ರೀ. ಮೆತ್ತನೆ ಬ್ರಷ್ಷಲ್ಲಿ ಒತ್ತಿ ಉಜ್ಜುತಾರೆ. ಅವಳಿಗೆ ಹಿತವಾಗುತ್ತೆ. ಈಗ ಹೋಗಿಬಿಡುತ್ತೆ ನೋಡಿ."

ನಿಜ, ಅರ್ಧ ಗಂಟೆಯಲ್ಲಿ ಗೀರು ಮಾಯವಾಯಿತು. ಅದೇ ಅವನಿಗೆ ಇನ್ನಷ್ಟು ಅನುಮಾನ ತಂದಿತು. ಕುರುಹು ಉಳಿಯದ ಹಾಗೆ ಕೆಲಸ ಮಾಡುವವರನ್ನು ಅವನು ಕಂಡಿದ್ದ. ಆ ಮೇಡಮ್ಮಿನ ಮೈಮೇಲೂ ಕುರುಹುಗಳಿರಲಿಲ್ಲ. ಕಿವಿಗೆ ಓಲೆಯಿಲ್ಲ, ಕೈಗೆ ವಾಚಿಲ್ಲ, ಬಟ್ಟೆಗೆ ಒಂದಿಷ್ಟು ಪರಿಮಳವಿಲ್ಲ. ಬಂದು ಹೋದರೆ ಬಂದದ್ದೇ ಗೊತ್ತಾಗದು. ಅಂಥ ಮನುಷ್ಯರು ಯಾಕಿರುತ್ತಾರೆ?

ಸಂಜೆಯ ರಂಪವಂತೂ ನೋಡಲಾಗುತ್ತಿರಲಿಲ್ಲ. ಹಗಲು ಪಾಳಿ ಇದ್ದ ದಿನ ಅವನು ಆರೂಕಾಲಿಗೆ ಮನೆ ಸೇರುತ್ತಿದ್ದ. ಮೆಟ್ಟಿಲು ಹತ್ತುವಾಗಲೇ "ಗೋಲೀ!" ಎಂದು ಕೂಗು. ಬಾಗಿಲು ತೆರೆದದ್ದೇ ಎರಡು ಹೆಜ್ಜೆಗೆ ಅವಳನ್ನು ತಲುಪಿ, ಎತ್ತಿ, ಸೂರಿನತ್ತ ಒಮ್ಮೆ ಹಾರಿಸಿ ಹಿಡಿದು, ಕೆನ್ನೆಗೆ ಮೀಸೆ ಸವರುವುದು. ದಿನವಿಡೀ ಜನರ ಬೈಗುಳ ತಿಂದು ಬರುವವನಿಗೆ ಆ ಒಂದು ಗಳಿಗೆಯೇ ಎಲ್ಲ. ಅವಳು ಚೀರುತ್ತಿದ್ದಳು. ಬಿಲ್ಲಿನಂತೆ ಬಾಗಿ, ಕೈಯಿಂದ ಜಾರಿ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಹೆಂಡತಿ ಓಡಿಬಂದು ದಿಂಬು ಅಡ್ಡ ಹಿಡಿದು, ಅವಳನ್ನು ಬಿಗಿಯಾಗಿ ಅವುಚಿ ಕೋಣೆಗೆ ಕರೆದೊಯ್ಯುತ್ತಿದ್ದಳು. ಆ ಮೇಡಂ ಕೈಯಲ್ಲಿ ಏನೇನು ಅನುಭವಿಸಿತೋ ಮಗು, ಅಪ್ಪನನ್ನು ಕಂಡದ್ದೇ ಅಷ್ಟೂ ಹೊರಗೆ ಬರುತ್ತೆ ಎಂದು ಅವನು ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದ.

ತಪಾಸಣೆ ಜೀಪಿನ ಡ್ರೈವರಣ್ಣ ನಿವೃತ್ತಿಗೆ ಹತ್ತಿರವಾದವನು, ಎಲ್ಲರ ಮನೆಯ ವಿಷಯಕ್ಕೂ ತನ್ನದೊಂದು ತೀರ್ಪು ಇಟ್ಟುಕೊಂಡವನು. ಅವನ ಹತ್ತಿರ ಹೇಳಿಕೊಂಡದ್ದೇ ತಪ್ಪಾಯಿತು.

"ಬಾಗಿಲು ಹಾಕ್ಕೊಂಡು ಮಾಡ್ತಾರಾ?" ಎಂದು ಅವನು ಸ್ಟಿಯರಿಂಗ್ ಬಿಟ್ಟು ಪೂರ್ತಿ ತಿರುಗಿ ಕೇಳಿದ. "ಸಾಹೇಬ್ರೇ, ಮಾತು ಬರದ ಮಗು. ಹೋಗಿ ಯಾರಿಗೆ ಹೇಳುತ್ತೆ?"

"ಮುಂದೆ ನೋಡಿ ಓಡ್ಸು ಅಣ್ಣ."

"ನಾನು ಮುಂದೇನೇ ನೋಡ್ತಿದೀನಿ. ನೀವು ಊರ ಬಸ್ಸೆಲ್ಲ ಹತ್ತಿ ಇಳೀತೀರಿ. ನಿಮ್ಮನೆ ಮೆಟ್ಟಿಲು ಒಂದಿನ ಹೇಳದೆ ಹತ್ತಿ ನೋಡಿ."

ಆ ಮಾತು ತಲೆಯೊಳಗೆ ಹುಳುವಿನಂತೆ ಕೊರೆಯಿತು. ಅದರ ಮೇಲೆ, ಒಂದು ಬೆಳಿಗ್ಗೆ ಅವನು ಸ್ನಾನದ ಮನೆಯಿಂದ ಹೊರಬರುವಾಗ ಹೆಂಡತಿ ಅಡಿಗೆಮನೆಯ ಮೂಲೆಯಲ್ಲಿ ಫೋನು ಕಿವಿಗೊತ್ತಿಕೊಂಡು ಪಿಸುಗುಡುತ್ತಿದ್ದುದು ಕೇಳಿತು: "ಇಲ್ಲ ಮೇಡಂ, ಇನ್ನೂ ಹೇಳಿಲ್ಲ... ಹೇಗೆ ಹೇಳೋದು ನೀವೇ ಹೇಳಿ... ಗೊತ್ತಾದ್ರೆ ಅವರು ತಡ್ಕೊಳಲ್ಲ."

ಟವೆಲ್ಲಿನಲ್ಲಿ ತಲೆ ಒರೆಸುತ್ತಾ ನಿಂತಲ್ಲೇ ನಿಂತ. ಒಳಗೆ ಹೋಗಿ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳಲು ಅವಕಾಶ ಕೊಟ್ಟ ಹಾಗೆ. ಹಿಡಿದರೆ ಕೈಯಾರೆ ಹಿಡಿಯಬೇಕು.

ಆ ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ ಹಾಕಿ, ನಾಲ್ಕೂಕಾಲಿಗೆ ತನ್ನ ಬೀದಿಯ ತುದಿಯಲ್ಲಿ ಇಳಿದುಕೊಂಡ. ಕೆಳಗಿನ ಲಾಂಡ್ರಿಯವನು "ಏನ್ ಸರ್, ಇಷ್ಟು ಬೇಗ?" ಎಂದರೆ ಬೆರಳು ತುಟಿಗಿಟ್ಟು ತೋರಿಸಿ, ಬೂಟು ಕಳಚಿ ಕೈಯಲ್ಲಿ ಹಿಡಿದು, ಬೆಕ್ಕಿನಂತೆ ಮೆಟ್ಟಿಲು ಹತ್ತಿದ. ಬಾಗಿಲಿಗೆ ಕಿವಿ ಕೊಟ್ಟ.

ಧಬ್. ಧಬ್. ಏನೋ ಭಾರವಾದದ್ದು ನೆಲಕ್ಕೆ ಬೀಳುವ ಸದ್ದು. ಮೇಡಮ್ಮಿನ ದನಿ: "ಇನ್ನೂ ಜೋರಾಗಿ ಒತ್ಲಾ? ಇನ್ನೂ?" ಅದರ ಬೆನ್ನಿಗೇ ಮಗುವಿನ ದನಿ. ಚೀರುತ್ತಿದೆಯೋ ಅಳುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ಅಂಥ ಸದ್ದು ಅವನು ತನ್ನ ಮಗಳಿಂದ ಕೇಳಿದವನೇ ಅಲ್ಲ. ತನ್ನಲ್ಲಿದ್ದ ಕೀಲಿ ತೂರಿಸಿ ಬಾಗಿಲು ತಳ್ಳಿದ.

ನೆಲದ ಮೇಲೆ ಹಾಸಿಗೆ ಸುರುಳಿ ಸುತ್ತಿತ್ತು. ಒಂದು ತುದಿಯಿಂದ ಗೋಲಿಯ ತಲೆ ಮಾತ್ರ ಹೊರಗೆ. ಮೇಡಂ ಮೊಣಕಾಲೂರಿ, ದೊಡ್ಡದೊಂದು ರಬ್ಬರ್ ಚೆಂಡನ್ನು ಆ ಸುರುಳಿಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಉರುಳಿಸುತ್ತಿದ್ದಳು, ಅದು ಆಚೆ ಬದಿಗೆ ಧಬ್ಬೆಂದು ನೆಲಕ್ಕೆ ಬೀಳುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಮುಗುಳ್ನಗುತ್ತಾ.

"ಏನ್ ನಡೀತಿದೆ ಇಲ್ಲಿ! ಉಸಿರು ಕಟ್ಟಿ ಸಾಯ್ಸ್ತೀರಾ ಮಗೂನ?"

ಬೂಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಕೋಣೆಯಲ್ಲಿದ್ದ ಸದ್ದು ನಿಂತುಹೋಯಿತು. ಅದು ನಗುವಾಗಿತ್ತು ಎಂದು ಅದು ನಿಂತ ಮೇಲೆ ಅವನಿಗೆ ಹೊಳೆಯಿತು. ಮರುಗಳಿಗೆ ಗೋಲಿ ಹಾಸಿಗೆಯಿಂದ ಕೊಸರಿಕೊಂಡು ಹೊರಬಂದು ಕಿವಿ ಮುಚ್ಚಿ ಕಿರುಚತೊಡಗಿದಳು. ಅವನು ಎತ್ತಿಕೊಳ್ಳಲು ಮುಂದೆ ಬಂದ.

"ಬೇಡಿ!" ಎಂದಳು ಹೆಂಡತಿ. ಮದುವೆಯಾಗಿ ಏಳು ವರ್ಷದಲ್ಲಿ ಅವಳು ಆ ದನಿಯಲ್ಲಿ ಮಾತಾಡಿರಲಿಲ್ಲ. ಗೋಲಿಯನ್ನು ದುಪ್ಪಟಿಯಲ್ಲಿ ಬಿಗಿಯಾಗಿ ಸುತ್ತಿ ಎದೆಗವುಚಿ ಮಹಡಿಯ ಮೇಲಿನ ತಾರಸಿಗೆ ಹೊರಟುಹೋದಳು.

ಅವನು ಮೇಡಮ್ಮಿನ ಎದುರು ನಿಂತ. "ನನ್ನಿಂದ ಏನೋ ಮುಚ್ಚಿಡ್ತಿದೀರಿ. ಏನದು?"

ಈ ಸಲ ಅವಳು ಕಿಟಕಿಯತ್ತ ನೋಡಲಿಲ್ಲ. ಚೆಂಡಿನ ಗಾಳಿ ಬಿಡುತ್ತಾ ಹೇಳಿದಳು: "ಹೌದು ಸರ್, ಒಂದು ವಿಷಯ ಇದೆ. ನಾನೇ ಹೇಳ್ತೀನಿ ಅಂದೆ. ಬೇಡ, ನಾನು ಹೇಳ್ತೀನಿ ಅಂದ್ರು ನಿಮ್ಮ ಮನೆಯವರು. ನಾನು ಮಾತು ಕೊಟ್ಟಿದೀನಿ. ಅವರನ್ನೇ ಕೇಳಿ."

ಅವಳು ಹೋದ ಮೇಲೆ ಮನೆ ಬಿಕೋ ಎಂದಿತು. ಅವನು ನೇರ ಹೋಗಿ ಬಟ್ಟೆಯ ಬೀರು ತೆರೆದ.

ಬಾಗಿಲ ಒಳಮೈಗೆ ನಾಲ್ಕು ಹಾಳೆ ಅಂಟಿಸಿತ್ತು. ಒಂದೊಂದು ತಾರೀಖಿಗೆ ಒಂದೊಂದು ಸಾಲು, ಸಾಲಿನಲ್ಲಿ ಬಣ್ಣದ ಚುಕ್ಕೆಗಳು. ಕೆಳಗೆ ಹೆಂಡತಿಯ ದುಂಡು ಅಕ್ಷರ: ಹಸಿರು, ಸಮಾಧಾನ. ಹಳದಿ, ಕಿರಿಕಿರಿ, ಬೇಗ ಹೋಯಿತು. ಕೆಂಪು, ತುಂಬ ಅತ್ತಳು, ತಲೆ ಚಚ್ಚಿಕೊಂಡಳು. ಪ್ರತಿ ಕೆಂಪು ಚುಕ್ಕೆಯ ಪಕ್ಕದಲ್ಲಿ ಹೊತ್ತು ಬರೆದಿತ್ತು.

ಓಹೋ, ಎಂದುಕೊಂಡ ಹದ್ದು. ಕೊನೆಗೂ ಕೈಗೆ ಕಾಗದ ಸಿಕ್ಕಿತು. ಕಾಗದವೆಂದರೆ ಅವನ ಕ್ಷೇತ್ರ. ಮೇಡಂ ಬಂದ ದಿನಗಳಲ್ಲೇ ಕೆಂಪು ಇರಬೇಕು, ಅಲ್ಲಿಗೆ ಅವಳ ಬಣ್ಣ ಬಯಲು. ಮಂಚದ ಮೇಲೆ ಕೂತು ಬೆರಳಿಟ್ಟು ನೋಡುತ್ತಾ ಹೋದ. ಸೋಮವಾರ ಕೆಂಪು, ಸರಿ. ಬುಧವಾರ ಹಸಿರು. ಗುರುವಾರ, ಮೇಡಂ ಬಾರದ ದಿನ, ಕೆಂಪು. ಶುಕ್ರವಾರ ಹಸಿರು. ಮುಂದಿನ ವಾರ ಪೂರ್ತಿ ಬೇರೆ ಥರ. ಮೇಡಮ್ಮಿಗೂ ಕೆಂಪಿಗೂ ತಾಳೆಯಾಗಲಿಲ್ಲ.

ಹೊತ್ತು ನೋಡಿದ. ಆರೂಕಾಲು. ಆರೂ ಹತ್ತು. ಆರೂಕಾಲು. ಆರೂ ಇಪ್ಪತ್ತು. ಆರೂಕಾಲು.

ಸಂಜೆ ಆರೂಕಾಲಿಗೆ ಈ ಮನೆಯಲ್ಲಿ ಏನಾಗುತ್ತದೆ? ಕೆಳಗಿನ ಲಾಂಡ್ರಿಯ ಮಿಷನ್ನೇ? ಬೀದಿದೀಪವೇ? ಹಾಗಾದರೆ ದಿನವೂ ಆಗಬೇಕಿತ್ತಲ್ಲ. ಅವನು ಜೇಬಿನಿಂದ ತನ್ನ ಡ್ಯೂಟಿ ಡೈರಿ ತೆಗೆದ. ಯಾಕೆ ತೆಗೆದೆನೆಂದು ಅವನಿಗೇ ಆ ಕ್ಷಣ ಸ್ಪಷ್ಟವಿರಲಿಲ್ಲ. ಕೈ ತಾನಾಗಿ ಹೋಯಿತು. ಸೋಮವಾರ, ಹಗಲು ಪಾಳಿ. ಬುಧವಾರ, ಎರಡನೇ ಪಾಳಿ, ಅವನು ಮನೆ ಸೇರುವಷ್ಟರಲ್ಲಿ ಮಗು ಮಲಗಿರುತ್ತದೆ. ಗುರುವಾರ ಹಗಲು. ಶುಕ್ರವಾರ ಎರಡನೆಯದು. ವಾರದ ರಜೆಯ ದಿನಗಳಲ್ಲಂತೂ ಎರಡೆರಡು, ಮೂರು ಮೂರು ಕೆಂಪು.

ಎಲ್ಲ ಕೆಂಪೂ ಅವನು ಮನೆಯಲ್ಲಿದ್ದ ಹೊತ್ತಿನವೇ. ಆದರೂ ಹನ್ನೊಂದು ವರ್ಷದ ಅಭ್ಯಾಸ ಸುಮ್ಮನೆ ಬಿಡುವುದೇ? ಸುಳ್ಳು ಲೆಕ್ಕ ಇದು ಎಂದಿತು ಮನಸ್ಸು. ಅವನ ತಿಂಗಳ ಡ್ಯೂಟಿ ಪಟ್ಟಿ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿರುತ್ತದೆ. ಇಬ್ಬರೂ ಕೂತು ಅದನ್ನು ನೋಡಿಕೊಂಡು ಚುಕ್ಕೆ ಇಟ್ಟಿದ್ದಾರೆ. ಅವನನ್ನು ಮಗುವಿನಿಂದ ದೂರ ಮಾಡಲು ಕಟ್ಟಿದ ಕತೆ.

ಹಾಗೆಂದುಕೊಂಡೇ ಡೈರಿಯ ಹಾಳೆ ತಿರುವಿದವನಿಗೆ ಹದಿನೇಳನೇ ತಾರೀಖು ಕಂಡಿತು. ಆ ದಿನ ಪಟ್ಟಿಯಲ್ಲಿ ಅವನಿಗೆ ಹಗಲು ಪಾಳಿ ಇತ್ತು. ಜೊತೆಯವನೊಬ್ಬ ಕೊನೇ ಗಳಿಗೆಯಲ್ಲಿ ಬೇಡಿಕೊಂಡನೆಂದು ಅದಲು ಬದಲು ಮಾಡಿಕೊಂಡು ಎರಡನೇ ಪಾಳಿಗೆ ಹೋಗಿದ್ದ. ಫ್ರಿಜ್ಜಿನ ಮೇಲಿನ ಪಟ್ಟಿ ತಿದ್ದಿರಲಿಲ್ಲ. ಕತೆ ಕಟ್ಟಿದ್ದರೆ ಅಲ್ಲಿ ಕೆಂಪು ಇರಬೇಕಿತ್ತು.

ಹದಿನೇಳರ ಸಾಲು ಈ ತುದಿಯಿಂದ ಆ ತುದಿಯವರೆಗೆ ಹಸಿರಾಗಿತ್ತು.

ಇಷ್ಟು ವರ್ಷದಲ್ಲಿ ಅವನು ಸಾವಿರಾರು ಜನರನ್ನು ಹಿಡಿದಿದ್ದ. ಸಿಕ್ಕಿಬಿದ್ದವರ ಕಿವಿ ಹೇಗೆ ಬಿಸಿಯಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಹೆಂಡತಿ ತಾರಸಿಯಿಂದ ಇಳಿದು ಬಂದಾಗ ಅವನು ಬೀರುವಿನ ಎದುರೇ ಕೂತಿದ್ದ. ಗೋಲಿ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳು ಮಗುವನ್ನು ಮಲಗಿಸಿ, ತೆರೆದ ಬೀರು ನೋಡಿ, ಬಂದು ಅವನ ಪಕ್ಕ ಕೂತಳು.

"ಯಾವಾಗಿಂದ ಗೊತ್ತು?" ಎಂದ.

"ಒಂದೂವರೆ ತಿಂಗಳಾಯ್ತು."

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ? ನಾನೇನು ಹೊರಗಿನವನಾ?"

"ಏನಂತ ಹೇಳ್ಲಿ ರೀ? ದಿನಾ ಆ ಹಾಳು ಬಸ್ಸುಗಳಲ್ಲಿ ಬೈಸ್ಕೊಂಡು ಬರ್ತೀರಿ. ಮೆಟ್ಟಿಲ ಕೆಳಗಿಂದಾನೇ ಗೋಲಿ ಅಂತ ಕೂಗ್ತೀರಿ. ನಿಮಗಿರೋ ಸುಖ ಅದೊಂದೇ. ಅದನ್ನ ಕಿತ್ಕೋ ಅಂದ್ರೆ ನನ್ನ ಕೈಲಿ ಆಗ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮನ್ನ ಕಂಡ್ರೆ ಆಗಲ್ಲ ಅಂತಲ್ಲ. ನೀವಿಲ್ಲದಾಗ ನಿಮ್ಮ ಹಳೇ ಶರ್ಟು ಹೊದ್ಕೊಂಡು ಕೂತ್ಕೊತಾಳೆ ಗೊತ್ತಾ?"

"ಸಮಾಧಾನಕ್ಕೆ ಕತೆ ಕಟ್ಟಬೇಡ," ಎಂದ ಅವನು. ನಂಬಲಿಲ್ಲ.

ಸೋಮವಾರ ಅವನು ರಜೆ ಹಾಕಿ ಮನೆಯಲ್ಲೇ ಕಾದ. ಮೇಡಂ ಬಂದಾಗ ಕ್ಷಮೆ ಕೇಳಲು ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದ. ಬಾಯಿಂದ ಬಂದದ್ದು ಬೇರೆ.

"ನೀವು ಓಲೆ ಯಾಕೆ ಹಾಕಲ್ಲ?"

ಮೇಡಂ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ನಕ್ಕಳು. "ಹೊಳೆದ್ರೆ ಮಕ್ಕಳ ಗಮನ ಅಲ್ಲೇ ಹೋಗುತ್ತೆ ಸರ್. ಎಳೀತಾರೆ. ಸೆಂಟೂ ಅದಕ್ಕೇ ಹಾಕಲ್ಲ, ಕೆಲವರಿಗೆ ವಾಂತಿನೇ ಬಂದ್ಬಿಡುತ್ತೆ. ಮನೇಗೆ ಹೋದ್ಮೇಲೆ ಎಲ್ಲಾ ಹಾಕ್ಕೋತೀನಿ."

"ಸರಿ. ನನ್ನಲ್ಲಿ ಏನು ತೊಂದರೆ ಅಂತ ಹೇಗೆ ಪತ್ತೆ ಹಚ್ಚೋದು?"

"ಪತ್ತೆ ಹಚ್ಚೋದು ನಿಮ್ಮ ಕೆಲಸ ಅಲ್ವಾ ಸರ್? ಒಂದೊಂದೇ ತೆಗೀತಾ ಬನ್ನಿ. ಎಲ್ಲಾ ಒಟ್ಟಿಗೆ ಬಿಟ್ಟುಬಿಟ್ರೆ ಯಾವುದು ಅಂತ ಗೊತ್ತಾಗಲ್ಲ."

ಈ ಮಾತು ಅವನಿಗೆ ಹಿಡಿಸಿತು. ಮೊದಲ ವಾರ ಬೂಟು ಮತ್ತು ಕೀಲಿಗೊಂಚಲು ಹೊರಗೇ ಬಿಟ್ಟ, ಮೆಟ್ಟಿಲ ಮೇಲೆ ಕೂಗುವುದನ್ನು ನಿಲ್ಲಿಸಿದ. ಹಗಲು ಪಾಳಿಯ ನಾಲ್ಕು ದಿನದಲ್ಲಿ ಮೂರು ಕೆಂಪು. ಎರಡನೇ ವಾರ ಕೆಳಗಿನ ಲಾಂಡ್ರಿಯಲ್ಲೇ ಖಾಕಿ ಕಳಚಿ, ನಲ್ಲಿಯಲ್ಲಿ ಮುಖ ಕೈ ತೊಳೆದು, ಡೀಸೆಲ್ ವಾಸನೆ ಇರದ ಬಟ್ಟೆ ತೊಟ್ಟು ಹತ್ತಿದ. ಎರಡು ಕೆಂಪು, ಒಂದು ಹಳದಿ. ಲಾಂಡ್ರಿಯವನು ಏನೂ ಕೇಳದೆ ಒಂದು ಹ್ಯಾಂಗರು ಕೊಟ್ಟ.

ಮೂರನೆಯದನ್ನು ಅವನು ಬೇಕೆಂದೇ ಕೊನೆಗಿಟ್ಟುಕೊಂಡಿದ್ದ. ಅದೇ ಎಂದು ಮನಸ್ಸಿಗೆ ಗೊತ್ತಿತ್ತು. ಮೂರನೇ ವಾರ ಎತ್ತಲಿಲ್ಲ, ಮುಟ್ಟಲಿಲ್ಲ, ಮೀಸೆ ಸವರಲಿಲ್ಲ. ಒಳಗೆ ಬಂದು ಗೋಡೆಗೊರಗಿ ಕೂತ. ಗೋಲಿ ತನ್ನ ಬಟಾಣಿ ಟಬ್ಬಿನಲ್ಲಿ ಕೈಯಾಡಿಸುತ್ತಲೇ ಇದ್ದಳು, ಕೋಣೆಗೆ ಯಾರೋ ಬಂದರೆಂಬುದೇ ಇಲ್ಲದ ಹಾಗೆ. ಆ ವಾರ ಒಂದೂ ಕೆಂಪು ಬೀಳಲಿಲ್ಲ. ಅಷ್ಟೊಂದು ಹಸಿರು ನೋಡಿ ಅವನು ಸ್ನಾನದ ಮನೆಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಅತ್ತ.

"ಅಂದ್ರೆ ನಾನು ಅವಳನ್ನ ಇನ್ನು ಮುಟ್ಟೋ ಹಾಗೇ ಇಲ್ವಾ?" ಎಂದು ಮೇಡಮ್ಮನ್ನು ಕೇಳಿದ.

"ಹಾಗಲ್ಲ ಸರ್. ಕೈ ಕೊಡಿ." ಅವಳು ಅವನ ಮುಂಗೈ ಮೇಲೆ ಬೆರಳ ತುದಿಯನ್ನು ಆಡಿಸಿಯೂ ಆಡಿಸದ ಹಾಗೆ ಎಳೆದಳು. ಅವನಿಗೆ ಮೈ ಜುಮ್ಮೆಂದಿತು. ಆಮೇಲೆ ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದಳು. "ಮೊದಲನೇದು ಅವಳಿಗೆ ಮೈಮೇಲೆ ಜಿರಳೆ ಹರಿದ ಹಾಗೆ. ನಿಮ್ಮ ಮೀಸೆನೂ ಹಾಗೇ. ಅದೂ ಹೇಳದೆ ಕೇಳದೆ ಬಂದ್ರೆ ಇನ್ನೂ ಕಷ್ಟ. ಎರಡನೇದು ಬೇಕು ಅವಳಿಗೆ. ಆದ್ರೆ ಕೊಡ್ಬೇಕಾದ್ದು ಅವಳು ಕೇಳಿದಾಗ."

"ಮಾತು ಬರಲ್ಲ. ಹೇಗೆ ಕೇಳ್ತಾಳೆ?"

"ಕೇಳ್ತಾಳೆ. ನೀವು ನೆಲದ ಮೇಲೆ ಕೂತಿರಿ. ಅವಳನ್ನ ದಿಟ್ಟಿಸಿ ನೋಡ್ಬೇಡಿ, ಅಷ್ಟೇ."

ನೋಡಬೇಡ ಎಂದು ಹದ್ದಿಗೆ ಹೇಳಿದಂತಾಯಿತು. ಆದರೂ ಕೂತ. ಹಗಲು ಪಾಳಿಯ ದಿನಗಳಲ್ಲೆಲ್ಲ ಆರೂಕಾಲಿನಿಂದ ಏಳರವರೆಗೆ, ಗೋಡೆಗೊರಗಿ, ಕಾಲು ಚಾಚಿ, ಎದುರಿನ ಗೋಡೆಯ ಬಿರುಕನ್ನು ನೋಡುತ್ತಾ. ಮೊದಲ ದಿನಗಳಲ್ಲಿ ಕಾಲು ಜೋಮು ಹಿಡಿದದ್ದೊಂದೇ ಬಂತು. ಈ ಮೇಡಂ ತನ್ನನ್ನು ಪಳಗಿಸುತ್ತಿದ್ದಾಳೋ ಮಗುವನ್ನೋ ಎಂಬ ಗುಮಾನಿ ಸುಳಿದು ಹೋಯಿತು. ಜೀಪಿನಲ್ಲಿ ಡ್ರೈವರಣ್ಣ, "ಏನಾಯ್ತು ಸಾಹೇಬ್ರೇ, ಸಿಕ್ಕಿಬಿದ್ಲಾ?" ಎಂದರೆ, "ಸಿಕ್ಕಿಬಿದ್ದವನು ನಾನು. ಓಡ್ಸು," ಎಂದ.

ಒಂಬತ್ತನೇ ಸಂಜೆ ಗೋಲಿ ಟಬ್ಬು ಬಿಟ್ಟೆದ್ದಳು. ಅವನು ಬಿರುಕಿನಿಂದ ಕಣ್ಣು ತೆಗೆಯಲಿಲ್ಲ. ಅವಳು ಹಿಮ್ಮುಖವಾಗಿ ಬಂದಳು, ಒಂದೊಂದೇ ಹೆಜ್ಜೆ, ಅವನ ಕಡೆ ನೋಡದೆ. ಬಂದು ಅವನ ಎದೆಗೆ ಬೆನ್ನು ಆನಿಸಿ ಧೊಪ್ಪನೆ ಕೂತಳು. ಆಮೇಲೆ ಅವನ ಬಲಗೈ ಹಿಡಿದು, ಏನೋ ಸಾಮಾನು ಎತ್ತಿಡುವಂತೆ ತನ್ನ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತನ್ನೆರಡೂ ಕೈ ಇಟ್ಟು ಒತ್ತಿದಳು.

ಹೆಂಡತಿಯೇ ಹೇಳಿಕೊಟ್ಟು ಕಳಿಸಿರಬೇಕೆಂದು ಅವನ ಕಣ್ಣು ಅಡಿಗೆಮನೆಯತ್ತ ಹೋಯಿತು. ಅವಳು ಅತ್ತ ತಿರುಗಿ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಅವನು ಒತ್ತಿ ಹಿಡಿದ. ಎಷ್ಟು ಒತ್ತಬೇಕೆಂದು ತಿಳಿಯದೆ ಮೊದಲು ಹಗುರಾಗಿ, ಅವಳು ಮುಲುಗಿದಾಗ ಇನ್ನಷ್ಟು ಗಟ್ಟಿಯಾಗಿ. ಎರಡು ನಿಮಿಷವಾಗಿರಬಹುದು. ಗೋಲಿ ಎದ್ದು, ತಿರುಗಿಯೂ ನೋಡದೆ ಬಟಾಣಿಯ ಹತ್ತಿರ ಹೋದಳು.

ಮರುದಿನ ಆಸೆ ತಾಳಲಾರದೆ ಬಂದದ್ದೇ ಅವನೇ ತೋಳು ಚಾಚಿದ. ಅವಳು ಚೀರಿಕೊಂಡು ಮಂಚದ ಕೆಳಗೆ ಸೇರಿದಳು. ಹೆಂಡತಿ ಬೀರು ತೆರೆದು ಒಂದು ಕೆಂಪು ಚುಕ್ಕೆ ಇಟ್ಟಳು. ಅದರ ಮರುದಿನ ಅವನು ಸುಮ್ಮನೆ ಕೂತ. ಅವಳು ಬರಲಿಲ್ಲ. ಅದರಾಚೆಯ ದಿನವೂ ಬರಲಿಲ್ಲ. ಏಳು ಗಂಟೆಗೆ ಹೆಂಡತಿ ಊಟಕ್ಕೆ ಕರೆದಳು.

"ಇನ್ನೊಂದು ಹತ್ತು ನಿಮಿಷ," ಎಂದ ಅವನು, ಗೋಡೆಯ ಕಡೆ ನೋಡುತ್ತಲೇ. "ನೀನು ಬಡಿಸಿರು."